ಡಾಕ್ಟರ ಬ್ಯಾಗಿಗೆ ಹದಿನೇಳು ಗಂಟು

ಬೋಟು ಕಟ್ಟುವ ಕಟ್ಟೆಯ ಪಕ್ಕದ ನಮ್ಮ ಟಿಕೆಟ್ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗಿನ ತಿಂಡಿ ಆದ ಮೇಲೆ

ನನ್ನ ಕಣ್ಣಿಗೆ ಇನ್ನೂ ಚಿಕ್ಕವಳಾಗಿಯೇ ಕಾಣುವ ಮಗಳೇ,

ಕಿವಿ ಹೇಗಿದೆ? ಒಳಗೆ ಗುಂಯ್ ಅನ್ನುವುದು ನಿಂತಿತೇ? ಆಪರೇಷನ್ ಆದ ಕಡೆ ಮಲಗಬೇಡ, ಜೋರಾಗಿ ಸೀನಬೇಡ, ಸ್ನಾನ ಮಾಡುವಾಗ ಹತ್ತಿ ಮರೆಯಬೇಡ. ಡಾಕ್ಟರು ಕೊಟ್ಟ ಹನಿಯನ್ನು ಹೊತ್ತಿಗೆ ಸರಿಯಾಗಿ ಕಿವಿಗೆ ಹಾಕಿಕೋ; ಚಿಕ್ಕಮ್ಮನ ಮಾತನ್ನು ಮಾತ್ರ ಅಷ್ಟಾಗಿ ಹಾಕಿಕೊಳ್ಳಬೇಡ. ಫೋನ್ ಮಾಡಿದರೆ ನೀನು ‘ಆಂ? ಆಂ?’ ಅನ್ನುತ್ತೀಯ, ನಾನು ಕಿರುಚುತ್ತೇನೆ, ಅಪ್ಪ ಮಗಳು ಜಗಳ ಆಡುತ್ತಿದ್ದಾರೆ ಅಂತ ಅಕ್ಕಪಕ್ಕದವರು ಕಿಟಕಿ ತೆಗೆಯುತ್ತಾರೆ. ಅದಕ್ಕೇ ಕಾಗದ. ಅದೂ ಅಲ್ಲದೆ ಈಗ ಹೇಳಬೇಕಾದದ್ದು ಕಿರುಚಿ ಹೇಳುವಂಥದ್ದಲ್ಲ. ಮೊದಲೇ ಒಂದು ಮಾತು: ಎಲ್ಲರೂ ಕ್ಷೇಮ. ಬೋಟೂ ಕ್ಷೇಮ. ಇದನ್ನು ಎರಡು ಸಲ ಓದಿಕೊಂಡು ಮುಂದಕ್ಕೆ ಹೋಗು.

ನೀನಿಲ್ಲದ ಈ ತಿಂಗಳಲ್ಲಿ ಜನರನ್ನು ಮೀನು ತೋರಿಸಲು ಸಮುದ್ರದ ತಳಕ್ಕೆ ಕರೆದುಕೊಂಡು ಹೋಗುವುದಕ್ಕೆ ಅಳಿಯಂದಿರು ಒಬ್ಬ ಗೈಡನ್ನು ಗೊತ್ತು ಮಾಡಿದ್ದಾರೆ. ಒಳ್ಳೆಯವನು, ಮಾತು ಕಡಿಮೆ. ನೀರೊಳಗೆ ಇದ್ದೂ ಇದ್ದೂ ಮೇಲೆ ಬಂದಮೇಲೂ ಕೈಸನ್ನೆಯಲ್ಲೇ ಊಟ ಕೇಳುತ್ತಾನೆ. ಅಳಿಯಂದಿರು ಎಂದಿನಂತೆ ಬೋಟು ಓಡಿಸುತ್ತಾರೆ, ನಮ್ಮ ಸಿಲಿಂಡರಣ್ಣ ಗಾಳಿ ತುಂಬಿದ ಸಿಲಿಂಡರು ಹೊರುತ್ತಾನೆ, ನಾನು ಬ್ಯಾಗುಗಳ ಯಜಮಾನ. ಬೆಳಿಗ್ಗೆ ಗಿರಾಕಿಗಳು ಹತ್ತುವ ಮೊದಲು ನೀನು ಕಲಿಸಿದ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ. ಚಕ್ರದ ಪೆಟ್ಟಿಗೆ ಕಟ್ಟೆಯ ಮೇಲೇ ಇರಲಿ, ಮೆತ್ತನೆ ಬ್ಯಾಗು ಮಾತ್ರ ಬೋಟಿಗೆ. ಮೊದಲು ಬೇಕಾದದ್ದು ಮೇಲೆ, ಕೊನೆಗೆ ಕಾಲಿಗೆ ಹಾಕಿಕೊಳ್ಳುವ ರೆಕ್ಕೆ ತಳಕ್ಕೆ. ಬೆಂಚಿನ ಮೇಲೆ ನಿಮ್ಮ ಸೊಂಟ ಎಷ್ಟು ಅಗಲವೋ ಅಷ್ಟೇ ನಿಮ್ಮ ಜಾಗ, ಬ್ಯಾಗು ಅದರ ಕೆಳಗೆ. ಒದ್ದೆಯದು ಒಣಗಿದ್ದರ ಹತ್ತಿರ ಸುಳಿಯಬಾರದು, ಕ್ಯಾಮೆರಾ ಮೇಜಿನ ಮೇಲಂತೂ ಒಂದು ಹನಿ ಬೀಳಬಾರದು. ಆಮೇಲೆ ನಿನ್ನದೇ ಆದ ಆ ದೊಡ್ಡ ನಿಯಮ: ನೀರಿಗೆ ಇಳಿಯುವಾಗ ಬ್ಯಾಗಿನ ಬಾಯಿ ತೆರೆದೇ ಇರಬೇಕು, ಮೇಲೆ ಬಂದವರು ಸಾಮಾನು ತುಂಬಿ ತಮ್ಮ ಕೈಯಿಂದಲೇ ಜಿಪ್ಪು ಎಳೆಯಬೇಕು. ಬಾಯಿ ತೆರೆದ ಬ್ಯಾಗು ಅಂದರೆ ಅದರ ಮನುಷ್ಯ ಇನ್ನೂ ನೀರಿನಲ್ಲಿ. ಇಲ್ಲಿಗೆ ಬಂದಾಗ ನಾನು, ‘ಬ್ಯಾಗಿನ ಬಾಯಿಗೆ ಜಿಪ್ಪಿದೆ, ನನ್ನದಕ್ಕಿಲ್ಲ, ಸಹಿಸಿಕೊಳ್ಳಿ’ ಅನ್ನುತ್ತೇನೆ. ಎಲ್ಲರೂ ನಗುತ್ತಾರೆ. ಸಿಲಿಂಡರಣ್ಣ ನಗುವುದಿಲ್ಲ, ಪಾಪ, ಅವನು ದಿನಾ ಕೇಳಬೇಕಲ್ಲ.

ಒಂದೇ ಒಂದು ಕೆಲಸ ಮಾತ್ರ ನಿನ್ನ ಜೊತೆಗೇ ಹೊರಟುಹೋಗಿತ್ತು. ಲಂಗರು ಎತ್ತುವ ಮುಂಚೆ ನೀನು ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆಯಲ್ಲ, ಅದು. ಗೈಡು ಅದನ್ನು ಅಳಿಯಂದಿರ ಕೆಲಸ ಅಂದುಕೊಂಡ, ಅಳಿಯಂದಿರು ಗೈಡಿನದು ಅಂದುಕೊಂಡರು. ಉಳಿದದ್ದು ಸಿಲಿಂಡರಣ್ಣ ಬೆಂಚಿನುದ್ದಕ್ಕೂ ಬಗ್ಗಿ ನೋಡಿ ‘ಎಲ್ಲಾ ಬಾಯಿ ಮುಚ್ಚಿದೆ’ ಅಂತ ಕೂಗುವುದು. ಅಷ್ಟಕ್ಕೇ ಬೋಟು ಹೊರಡುತ್ತಿತ್ತು.

ಹೋದ ಶನಿವಾರ ಒಬ್ಬ ಹಲ್ಲು ಡಾಕ್ಟರು ಬಂದರು, ಜೊತೆಗೆ ಅವರ ಭಾವಮೈದುನ. ಡಾಕ್ಟರ ಬ್ಯಾಗನ್ನು ನೀನು ನೋಡಬೇಕಿತ್ತು. ಎರಡು ಕಿಟಕಿ ಇಟ್ಟರೆ ಬಾಡಿಗೆಗೆ ಕೊಡಬಹುದು. ನನ್ನ ಪಾಠ ಮುಗಿಯುವಷ್ಟರಲ್ಲಿ ಮೂರು ಜನರ ಜಾಗದಲ್ಲಿ ಹರಡಿಕೊಂಡಿದ್ದರು. ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ, ಒದ್ದೆ ಟವೆಲು ಪಕ್ಕದ ಹೆಂಗಸಿನ ಒಣಬಟ್ಟೆಯ ಮೇಲೆ, ಮುಖಕ್ಕೆ ಹಚ್ಚುವ ಕ್ರೀಮು ಕ್ಯಾಮೆರಾ ಮೇಜಿನ ಮೇಲೆ. ಮೂರು ಸಲ ಹೇಳಿದೆ. ಮೂರನೇ ಸಲ, ‘ಅಜ್ಜಾ, ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ’ ಅಂದರು. ಊರವರ ಬಾಯೆಲ್ಲ ತೆರೆಸುವ ಮನುಷ್ಯ ನನ್ನದೊಂದನ್ನು ಮುಚ್ಚಿಸಿದರು. ನನಗೆ ಕೋಪ ಬರಲಿಲ್ಲ ಕಣಮ್ಮ, ಐಡಿಯಾ ಬಂತು. ಕೋಪ ಬಂದಿದ್ದರೇ ಒಳ್ಳೆಯದಿತ್ತು.

ಅವರು ನೀರಿಗೆ ಬಿದ್ದದ್ದೇ ತಡ, ಚಪ್ಪಲಿ, ಟವೆಲು, ಕ್ರೀಮು, ಕನ್ನಡಕ, ಬಿಸ್ಕತ್ತಿನ ಪೊಟ್ಟಣ, ಎಲ್ಲವನ್ನೂ ಆ ಬ್ಯಾಗಿಗೆ ತುರುಕಿ ಜಿಪ್ಪು ಎಳೆದೆ. ಮೇಲಿಂದ ನೂಲಿನ ಹಗ್ಗ ಸುತ್ತಿ ಹದಿನೇಳು ಗಂಟು ಹಾಕಿದೆ. ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗಂಟು ಹಾಕಿದ ಕೈ. ನಾನು ಹಾಕಿದ್ದನ್ನು ಬಿಚ್ಚುವುದಕ್ಕೆ ಅವರು ತಮ್ಮ ಇಕ್ಕಳವನ್ನೇ ತರಬೇಕು ಅಂತ ಒಳಗೊಳಗೇ ನಗುತ್ತಾ ಬ್ಯಾಗನ್ನು ಬೆಂಚಿನ ಕೆಳಗೆ ತಳ್ಳಿದೆ. ಜಿಪ್ಪು ಎಳೆಯುವಾಗ ನಿನ್ನ ನಿಯಮ ನೆನಪಿಗೇ ಬರಲಿಲ್ಲ. ದಿನಾ ಬೆಳಿಗ್ಗೆ ಒಪ್ಪಿಸುತ್ತಿದ್ದೆನಲ್ಲ, ಅದು ಬಾಯಲ್ಲೇ ಉಳಿದಿತ್ತು, ಕೈಗೆ ಇಳಿದಿರಲಿಲ್ಲ.

ಭಾವಮೈದುನನ ಸಿಲಿಂಡರಿನ ಗಾಳಿ ಬೇಗ ಮುಗಿದು ಅವನು ಮೊದಲು ಮೇಲೆ ಬಂದ. ವಾಂತಿ ಮಾಡಿಕೊಂಡು ಮುಖದ ಮೇಲೆ ಬಟ್ಟೆ ಎಳೆದುಕೊಂಡು ಒಳಗೆ ಮಲಗಿಬಿಟ್ಟ. ಡಾಕ್ಟರೂ ಅವನ ಜೊತೆಗೇ ಹೋದರು ಅಂತ ಗೈಡು ತಿಳಿದ. ಅಷ್ಟರಲ್ಲಿ ಗಾಳಿ ಎದ್ದಿತು, ಅಲೆ ದಪ್ಪವಾಯಿತು, ಬಂದವರೆಲ್ಲ ಅವಸರದಲ್ಲಿ ಬ್ಯಾಗು ಮುಚ್ಚಿದರು. ಖಾಲಿ ಸಿಲಿಂಡರುಗಳನ್ನು ಉರುಳದಂತೆ ಒಟ್ಟಿಗೆ ಕಟ್ಟಿದ್ದರಿಂದ ಒಂದು ಕಡಿಮೆ ಇರುವುದು ಅಲ್ಲೂ ಕಾಣಲಿಲ್ಲ. ಸಿಲಿಂಡರಣ್ಣ ಬಗ್ಗಿ ನೋಡಿದ. ಎಲ್ಲಾ ಬಾಯಿ ಮುಚ್ಚಿದೆ ಅಂದ. ಹೊರಟೆವು.

ನಾನು ಒಳ್ಳೆಯ ಜಾಗ ನೋಡಿ ಕೂತೆ, ಡಾಕ್ಟರು ಗಂಟು ನೋಡಿ ಮುಖ ಗಂಟಿಕ್ಕುವುದನ್ನು ಎದುರಿಗೇ ನೋಡೋಣ ಅಂತ. ಹತ್ತು ನಿಮಿಷ ಆಯಿತು. ಪೇಚಾಡುವ ಮನುಷ್ಯ ಬರಲೇ ಇಲ್ಲ. ಕಕ್ಕಸಿನಲ್ಲಿರಬೇಕು ಅಂತ ಹೋಗಿ ತಟ್ಟಿದೆ, ಬಾಗಿಲು ತಾನೇ ತೆರೆದುಕೊಂಡಿತು. ಮಲಗಿದ್ದವನ ಮುಖದ ಬಟ್ಟೆ ಸರಿಸಿದೆ, ಅವನು ಭಾವಮೈದುನ. ವಾಪಸು ಬಂದು ಬ್ಯಾಗು ನೋಡಿದರೆ ಹದಿನೇಳೂ ಗಂಟು ಹಾಕಿದಂತೆಯೇ ಇವೆ.

ಓಡಿ ಹೋಗಿ ಹೇಳಿದೆ. ಅಳಿಯಂದಿರು ತಿರುಗಿಯೂ ನೋಡದೆ, ‘ಮಾವ, ಇವತ್ತು ಬೇಡ, ಗಾಳಿ ಜಾಸ್ತಿ ಇದೆ’ ಅಂದರು. ಅವರ ತಪ್ಪೇನಿದೆ? ಹೋದ ತಿಂಗಳು ಲಂಗರು ಬಿಟ್ಟುಬಂದೆವು ಅಂತ ತಮಾಷೆಗೆ ಸುಳ್ಳು ಹೇಳಿ ಎರಡು ಸಲ ಬೋಟು ತಿರುಗಿಸಿದವನು ನಾನೇ. ಆಣೆ ಮಾಡಿದೆ, ನಕ್ಕರು. ಕಣ್ಣಲ್ಲಿ ನೀರು ಬಂತು, ‘ನಾಟಕ ಚೆನ್ನಾಗಿ ಮಾಡ್ತೀರಿ’ ಅಂದರು. ಕೊನೆಗೆ ಆ ಬ್ಯಾಗನ್ನೇ ಎಳೆದು ತಂದು ಅವರ ಕಾಲ ಮೇಲೆ ಹಾಕಿ, ‘ಈ ಗಂಟು ಹಾಕಿದ್ದು ನಾನು. ಬಿಚ್ಚಬೇಕಾದೋರು ನೀರಲ್ಲಿದ್ದಾರೆ’ ಅಂದೆ. ಅವರು ಗಂಟು ನೋಡಿದರು, ನನ್ನ ಮುಖ ನೋಡಿದರು. ಬೋಟು ತಿರುಗಿಸಿದರು.

ವಾಪಸು ಹೋಗುವಾಗ ಎಲ್ಲರೂ ಅಂಚಿಗೆ ನಿಂತು ನೀರು ನೋಡುತ್ತಿದ್ದರು, ನಾನು ಕೆಳಗೆ ಕೂತು ಗಂಟು ಬಿಚ್ಚುತ್ತಿದ್ದೆ. ಮನುಷ್ಯ ನೀರಿನಲ್ಲಿದ್ದರೆ ಬ್ಯಾಗು ತೆರೆದಿರಬೇಕಲ್ಲ. ಅದರಿಂದ ಅವರಿಗೇನು ಉಪಯೋಗ ಅಂತ ಕೇಳಬೇಡ. ನನಗೆ ಬೇರೇನೂ ಮಾಡಲು ತೋಚಲಿಲ್ಲ. ಹನ್ನೊಂದೋ ಹನ್ನೆರಡೋ ಗಂಟು ಬಿಚ್ಚಿ ಆಗಿತ್ತು, ಆಗ ಸಿಲಿಂಡರಣ್ಣ, ‘ಅಲ್ಲಿ, ಅಲ್ಲಿ’ ಅಂದ. ನೀರಿನ ಮೇಲೆ ನಿಲ್ಲುವ ಆ ಉದ್ದನೆ ಕಿತ್ತಳೆ ಬಣ್ಣದ ಕೊಳವೆಯನ್ನು ಊದಿ ಎತ್ತಿ ಹಿಡಿದುಕೊಂಡು ಡಾಕ್ಟರು ಪೀಪಿ ಊದುತ್ತಿದ್ದರು. ಸುಸ್ತಾಗಿದ್ದರು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಅಷ್ಟೇ. ಅವರು ಹತ್ತುವಷ್ಟರಲ್ಲಿ ಉಳಿದ ಗಂಟನ್ನೂ ಬಿಚ್ಚಿ, ಬ್ಯಾಗಿನ ಬಾಯಿ ತೆರೆದು, ಸಾಮಾನೆಲ್ಲ ಹೊರಗಿಟ್ಟಿದ್ದೆ. ಮೇಲೆ ಬಂದು ನೀರು ಕುಡಿದು, ತಮ್ಮ ಜಾಗ ಹುಡುಕಿಕೊಂಡು ಕೂತರು. ಒಂದೊಂದೇ ಸಾಮಾನನ್ನು ಮಡಿಸಿ ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದರು. ಬೋಟಿನಲ್ಲಿದ್ದವರೆಲ್ಲ ಉಸಿರು ಹಿಡಿದು ಆ ಜಿಪ್ಪನ್ನೇ ನೋಡುತ್ತಿದ್ದೆವು. ಅಷ್ಟು ಚೆಂದದ ಶಬ್ದ ನಾನು ಈ ವಯಸ್ಸಿನವರೆಗೆ ಕೇಳಿರಲಿಲ್ಲ.

ಆಮೇಲೆ ನನ್ನ ಕೈ ಹಿಡಿದುಕೊಂಡು, ‘ನಾನಿಲ್ಲ ಅಂತ ನೋಡಿದ್ದು ನೀವೊಬ್ಬರೇ ಅಂತೆ ಅಜ್ಜಾ’ ಅಂದರು. ನಾನು ಹಲ್ಲು ಕಿರಿದೆ. ಹಲ್ಲು ಡಾಕ್ಟರ ಮುಂದೆ ಮತ್ತೇನು ಮಾಡಲಿ? ಮನೆಗೆ ಬಂದಮೇಲೆ ಅಳಿಯಂದಿರು, ಆದದ್ದು ಆಯಿತು, ಇನ್ನುಮುಂದೆ ಬ್ಯಾಗುಗಳನ್ನು ಎರಡು ಸಲ ನೋಡೋಣ, ಡಾಕ್ಟರಿಗೆ ಹೇಳುವುದು ಬೇಡ, ಕಿವಿ ವಾಸಿಯಾಗುವವರೆಗೆ ನಿನಗೂ ಬೇಡ ಅಂದರು. ಬೈಯಲಿಲ್ಲ. ಬೈದಿದ್ದರೆ ನಾನು ಅನ್ನ ಉಣ್ಣುತ್ತಿದ್ದೆ. ಈಗ ನಿನಗೆ ಬರೆದಾಯಿತು, ಎದೆಯ ಮೇಲಿನ ಸಿಲಿಂಡರು ಇಳಿಸಿದ ಹಾಗಾಗಿದೆ.

ಕಿವಿ ಬೇಗ ಗುಣವಾಗಲಿ, ನೂರು ವರ್ಷ ಬಾಳು, ಬಂದ ದಿನ ನನ್ನ ಕಿವಿ ಹಿಂಡು. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಮೇಲೆ ಅವಳ ಬಗ್ಗೆ ಬರೆದ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕಾಗದ ತೋರಿಸು.

ನಿನ್ನ ತಲೆಹರಟೆ
ಅಪ್ಪ

ಅವಸರದ ಮಾತು: ಕಾಗದ ಮಡಿಸಿದವನು ಅಂಚೆಗೆ ಹಾಕದೆ ನೆಟ್ಟಗೆ ಡಾಕ್ಟರ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು, ‘ಗಂಟು ಹಾಕಿದ್ದು ಸರಿ, ನಾನು ನಡ್ಕೊಂಡಿದ್ದೂ ಹಾಗೇ ಇತ್ತು. ಜಿಪ್ಪು ಎಳೆದಿದ್ದು ತಪ್ಪು. ಈಗ ಹೆಸರು ಕೂಗೋರು ಯಾರು?’ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಅವರು ನನ್ನನ್ನು ನೋಡಿದ ನೋಟ ಬೈಗುಳಕ್ಕಿಂತ ಜೋರಾಗಿತ್ತು. ವಾಪಸು ಬಂದು ಇನ್ನು ಹೆಸರು ಕೂಗೋಣ ಅಂತ ಅಳಿಯಂದಿರಿಗೆ ಹೇಳಿದರೆ, ‘ಬ್ಯಾಗು ಎರಡು ಸಲ ನೋಡ್ತೀವಲ್ಲ ಮಾವ’ ಅಂತ ಹೆಗಲು ತಟ್ಟಿದರು. ನನ್ನ ಮಾತು ಅಂದರೆ ಎಲ್ಲರಿಗೂ ನಗು, ಅದು ನಾನೇ ಮಾಡಿಕೊಂಡದ್ದು. ಈ ಕಾಗದ ಸಿಕ್ಕಿದ ದಿನವೇ ನೀನು ಅಳಿಯಂದಿರಿಗೆ ಬರೆ, ಹೆಸರು ಕೂಗಲೇಬೇಕು ಅಂತ. ನಾಳೆ ಹನ್ನೆರಡು ಜನ ಇಳಿಯುತ್ತಾರೆ. ನಿನ್ನ ಕಾಗದ ಬರುವ ತನಕ ಪಟ್ಟಿ ಹಿಡಿದು ನಾನೇ ಕೂಗುತ್ತೇನೆ. ಹನ್ನೆರಡು ಹೆಸರಿಗೆ ಹನ್ನೆರಡು ಬೇರೆ ಬೇರೆ ಬಾಯಿಂದ ‘ಹೂಂ’ ಬರುವವರೆಗೆ ಲಂಗರಿನ ಹಗ್ಗದ ಮೇಲೆ ಕೂತಿರುತ್ತೇನೆ. ನಗುವವರು ನಗಲಿ, ಉತ್ತರ ಕೊಟ್ಟು ನಗಲಿ.