ಆರು ಪರ್ಸೆಂಟ್ ಕೈ

ಮಾರ್ಚ್ 3, ಬೆಳಿಗ್ಗೆ
ಬಿಸಿನೀರಿನಲ್ಲಿ ಬಲಗೈ, ಹತ್ತು ನಿಮಿಷ. ರಬ್ಬರ್ ಚೆಂಡು ಐವತ್ತು ಸಲ. ಹೆಬ್ಬೆರಳು ಮಾತು ಕೇಳುತ್ತದೆ, ಉಂಗುರದ ಬೆರಳು ಕೇಳುವುದಿಲ್ಲ. ಕತ್ತರಿ ನಿಲ್ಲುವುದೇ ಆ ಎರಡರ ಮೇಲೆ. ರಸ್ತೆ ದಾಟುವಾಗ ಕಾರು ಗುದ್ದಿ ಏಳು ತಿಂಗಳಾಯಿತು. ಇಪ್ಪತ್ತೆರಡು ವರ್ಷ ಸಲೂನಿನಲ್ಲಿ ಕಟಿಂಗ್ ಮಾಡಿದ ಕೈ. ಇದನ್ನು ಬರೆಯುತ್ತಿರುವುದು ಎಡಗೈ — ಕಾಗೆಕಾಲು, ಗುಬ್ಬಿಕಾಲು.

ಮಾರ್ಚ್ 9
ಪರಿಹಾರದ ಕೇಸಿಗೆಂದು, ಗುದ್ದಿದ ಕಾರಿನ ವಿಮಾ ಕಂಪನಿಯ ಡಾಕ್ಟರು ಬೆರಳು ಬಗ್ಗಿಸಿ, ಸ್ಕೇಲ್ ಇಟ್ಟು ಅಳೆದರು. ಕೈಗೆ ಹದಿನೆಂಟು ಪರ್ಸೆಂಟ್ ಊನ, ಇಡೀ ದೇಹಕ್ಕೆ ಹಾಕಿದರೆ ಆರು ಅಂತೆ. ಇಡೀ ದೇಹದಿಂದ ಯಾರು ಕಟಿಂಗ್ ಮಾಡುತ್ತಾರೆ?

ಮಾರ್ಚ್ 21, ಸಂಜೆ
ಧೂಳು ಹೊಡೆಯಲೆಂದು ಅಂಗಡಿ ತೆಗೆದಿದ್ದೆ. ಹೊಸ ಗಿರಾಕಿಯೊಬ್ಬ ಬಂದ. ಕೈ ಸರಿಯಿಲ್ಲ ಎಂದೆ. ನಾಳೆ ಇಂಟರ್‌ವ್ಯೂ, ನಿಮ್ಮ ಹೆಸರು ಕೇಳಿಯೇ ಬಂದೆ ಎಂದ. ಉಬ್ಬಿಹೋದೆ. ಹತ್ತು ನಿಮಿಷದ ಕೆಲಸಕ್ಕೆ ಐವತ್ತು ನಿಮಿಷ. ಕತ್ತರಿ ಮೂರು ಸಲ ಬಿತ್ತು. ಪಾಪ, ಬೇಸರಿಸಲಿಲ್ಲ. ಚಾರ್ಜಿಗೆಂದು ಮೊಬೈಲನ್ನು ಕನ್ನಡಿಗೆ ಒರಗಿಸಿಟ್ಟು ಸುಮ್ಮನೆ ಕೂತಿದ್ದ. ಎಷ್ಟೋ ದಿನದ ಮೇಲೆ ಆ ಕನ್ನಡಿಯಲ್ಲಿ ನಾನು ನಾನಾಗಿ ಕಂಡೆ.

ಮಾರ್ಚ್ 24
ಕೈ ಬದನೆಕಾಯಿಯಂತೆ ಊದಿದೆ. ಹೆಂಡತಿ ತುತ್ತು ಕಲೆಸಿ ಕೊಡುತ್ತಾಳೆ.

ಜೂನ್ 12
ಕೋರ್ಟು. ಕಂಪನಿಯ ವಕೀಲ ವಿಡಿಯೋ ಹಾಕಿದ. ನನ್ನದೇ ಅಂಗಡಿ, ನನ್ನದೇ ಕೈ. ನಲವತ್ತು ಸೆಕೆಂಡು ಕತ್ತರಿ ಆಡುತ್ತದೆ. ಬಿದ್ದದ್ದು ಒಂದೂ ಅದರಲ್ಲಿಲ್ಲ. ಆ ಗಿರಾಕಿ ಕಂಪನಿಯ ತನಿಖೆಯವನಂತೆ. ಸಾಕ್ಷಿಗೆ ನಿಂತಿದ್ದ — ಬೇರೆ ಯಾರ ಹತ್ತಿರವೋ ನೀಟಾಗಿ ಕಟಿಂಗ್ ಮಾಡಿಸಿಕೊಂಡು.
ಇದು ನಿಮ್ಮ ಕೈ ಹೌದೋ ಅಲ್ಲವೋ ಎಂದ ವಕೀಲ.
"ಹೌದು ಸಾರ್. ಆದ್ರೆ—"
"ಹೌದು, ಇಲ್ಲ, ಅಷ್ಟೇ ಹೇಳಿ."
ಹೊರಗೆ ಬಂದಮೇಲೆ ನಮ್ಮ ವಕೀಲರು, ಯಾಕ್ರೀ ಕತ್ತರಿ ಹಿಡಿದ್ರಿ ಎಂದು ಕೇಳಿದರು. ಆಸೆಗೆ.

ಆಗಸ್ಟ್ 30
ತೀರ್ಪು ಬಂತು. ಊನ ಆರು ಪರ್ಸೆಂಟೇ, ಪರಿಹಾರವೂ ಅಷ್ಟಕ್ಕೇ. ವೃತ್ತಿ ಮುಂದುವರಿಸಲು ಅಡ್ಡಿಯಿಲ್ಲವಂತೆ. ಅಪೀಲು ಹೋದರೆ ಇನ್ನು ಮೂರು ವರ್ಷ ಎಂದರು ವಕೀಲರು.

ಸೆಪ್ಟೆಂಬರ್ 6, ಮಧ್ಯಾಹ್ನ
ಅಂಗಡಿಯ ಕುರ್ಚಿ ನೋಡಲು ಒಬ್ಬ ಬಂದಿದ್ದ. ಹಿಂದಿನ ಬೀದಿಯಲ್ಲಿ ಸಲೂನ್ ಇಡುತ್ತಾನಂತೆ. ಕೂತು, ಒಂದು ಸುತ್ತು ತಿರುಗಿದ. ಇಷ್ಟು ಒಳ್ಳೆಯ ಕುರ್ಚಿ ಯಾಕೆ ಮಾರುತ್ತಿದ್ದೀರಿ ಎಂದ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, ಕನ್ನಡಿ ಒರೆಸುತ್ತಲೇ ಹೇಳಿದಳು:
"ಇವ್ರ ಕೈ ವಾಸಿಯಾಯ್ತಂತೆ. ಕೋರ್ಟೇ ಹೇಳಿದೆ."
ತಮಾಷೆ ಎಂದುಕೊಂಡು ಅವನು ನಕ್ಕ. ಅವಳೂ ನಕ್ಕಳು. ನಾನೂ ನಗಲು ನೋಡಿದೆ.