ಬಸ್ಸಿನ ಪಟ್ಟಿಯಲ್ಲಿ ಗುಬ್ಬಿ ಇಲ್ಲ

ಮನೆ, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ತಲೆಸುತ್ತು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಮಾತ್ರೆ ಕೊಡುವ ನರ್ಸಮ್ಮನೇ ಮಲಗಿದರೆ ನಗೆಪಾಟಲು. ಫೋನ್ ಸಿಗದ ಕಡೆ ಹೋಗಿ ಕೂತಿದ್ದೀಯಲ್ಲ, ಅದಕ್ಕೇ ಈ ಕಾಗದ. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಮೊದಲೇ ಹೇಳಿಬಿಟ್ಟೆ, ಮುಂದಿನದನ್ನು ಓದಿ ಗಾಬರಿಯಾಗಬೇಡ.

ಗುರುವಾರ ಸಂಜೆ ಶಾಲೆಯ ಬಸ್ಸು ಅವಳನ್ನು ಬಿಟ್ಟು ಹೊರಟುಹೋಯಿತು. ಅವಳು ಬಸ್ಸಿನಿಂದ ಇಳಿಯದ್ದು ಕಂಡು ನಾನು ಶಾಲೆಗೆ ಓಡಿದಾಗ ಗೇಟಿನ ಬಳಿ ಬ್ಯಾಗಿನ ಮೇಲೆ ಕೂತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಮರುದಿನ ಬಸ್ಸಿನ ಆಯಾಗೆ ಮಕ್ಕಳೆದುರೇ ಬಾಯಿಗೆ ಬಂದಂತೆ ಬೈದೆ. ಅವರು, "ಪಟ್ಟೀಲಿ ಹೆಸರಿರ್ಲಿಲ್ಲ ಸರ್, ನೀವೇ ಕರ್ಕೊಂಡು ಹೋಗ್ತೀರಿ ಅಂದ್ಕೊಂಡೆ" ಅಂದರು. ಆ ಪಟ್ಟಿ ಬರುವುದು ನಾನು ಮಾಡಿಕೊಟ್ಟ ವೆಬ್‌ಸೈಟಿನಿಂದ, ಅದರ ಮೇಲೆ ನನಗೆ ಎಲ್ಲಿಲ್ಲದ ನಂಬಿಕೆ. ಕುಂಟುನೆಪ ಎಂದುಕೊಂಡು ದೂರು ಕೊಟ್ಟೆ. ಹೆಡ್‌ಮೇಡಂ ಆಯಾಗೆ ಇನ್ನು ಕೆಲಸಕ್ಕೆ ಬರಬೇಡ ಅಂದುಬಿಟ್ಟರು.

ಆದರೂ ಆ ಮಾತು ಒಳಗೇ ಕೊರೆಯುತ್ತಿತ್ತು. ನಿನ್ನೆ ಕೂತು ನೋಡಿದೆ. ನಿನಗೆ ತಿಳಿಯುವಂತೆ ಹೇಳುತ್ತೇನೆ, ಆಕಳಿಸಬೇಡ. ಈ ಬಸ್ಸಿನ ಮಕ್ಕಳನ್ನು ಅವರವರ ಅಮ್ಮನ ಫೋನ್ ನಂಬರಿನ ಜೊತೆ ತಾ ಎಂದು ನಾನು ಒಂದು ಸಾಲು ಬರೆದಿರುತ್ತೇನೆ. ವೆಬ್‌ಸೈಟಿನೊಳಗಿನ ಫ್ರೇಮ್‌ವರ್ಕ್ ಎಂಬ ಮಹಾನುಭಾವ ಅದನ್ನು, ಮಾಹಿತಿಯೆಲ್ಲ ಕೂಡಿಟ್ಟಿರುವ ಡೇಟಾಬೇಸಿನ ಭಾಷೆಗೆ ತಿರುಗಿಸಿ ತಾನೇ ಕೇಳಿಕೊಂಡು ಬರುತ್ತಾನೆ. ಏನು ಕೇಳಿದ ಎಂದು ನಾವು ನೋಡಲು ಹೋಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಚೂರು ಬದಲಿಸಿದರೆ ಅವನು ಕೇಳುವ ಆ ಪ್ರಶ್ನೆಗಳು, ಅಂದರೆ ಕ್ವೆರಿಗಳೆಲ್ಲ, ಪರದೆಯ ಮೇಲೆ ಬರುತ್ತವೆ. ಓದುತ್ತೇನೆ, ಅವನು ಕೇಳಿದ್ದು ಅಮ್ಮನ ನಂಬರ್ ಇರುವ ಮಕ್ಕಳನ್ನು ಮಾತ್ರ! ನಿನ್ನ ಹಳೆಯ ನಂಬರು ಬೇರೆ ಯಾರದ್ದೋ ಆಗಿದೆಯೆಂದು ಬುಧವಾರ ಅಳಿಸಿದ್ದು ನಾನೇ. ನಂಬರಿಲ್ಲ, ಹಾಗಾಗಿ ಪಟ್ಟಿಯಲ್ಲಿ ಗುಬ್ಬಿಯೂ ಇಲ್ಲ, ಅಕ್ಕಾ.

ನಂಬರ್ ಇರಲಿ ಬಿಡಲಿ, ಮಗು ಬರಲಿ ಎಂದು ತಿದ್ದಿದೆ. ಹೊಸ ಕ್ವೆರಿಯನ್ನು ಕಣ್ಣಾರೆ ಓದಿ, ಗುಬ್ಬಿಯ ಹೆಸರು ನೋಡಿದ ಮೇಲೆಯೇ ಎದ್ದೆ. ಹೆಡ್‌ಮೇಡಂ ಹತ್ತಿರ ಹೋಗಿ ತಪ್ಪು ನನ್ನದು ಎಂದೆ. ಆಯಾಗೆ ಮತ್ತೆ ಕೆಲಸಕ್ಕೆ ಬರಲು ಹೇಳಿ ಅಂದರು. ಆಮೇಲೆ ಆಯಾ ಅವರ ಮನೆಗೆ ಹೋದೆ. ಅವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡು, "ನಾಳಿದ್ದು ಬರ್ತೀನಿ. ಆದ್ರೆ ಬೈದಿದ್ದು ಮಕ್ಕಳ ಮುಂದೆ, ಕ್ಷಮೆನೂ ಅಲ್ಲೇ ಕೇಳ್ಬೇಕು" ಅಂದರು. ನ್ಯಾಯವಾದ ಮಾತು, ಒಪ್ಪಿಕೊಂಡೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗುಬ್ಬಿಯಿಂದ ಎರಡು ಕೆನ್ನೆಗೂ ಮುತ್ತು.

ನಿನ್ನ ತಮ್ಮ

ಲಕೋಟೆ ಅಂಟಿಸುವ ಮುನ್ನ: "ನನ್ ಥರ ಇನ್ಯಾರಾದ್ರೂ ಬಿಟ್ಟುಹೋಗಿದ್ದಾರಾ ಮಾವ?" ಎಂದು ಗುಬ್ಬಿ ಈಗ ಕೇಳಿದಳು. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ಇಲ್ಲದ, ಒಂದನೇ ಕ್ಲಾಸಿನ ಇನ್ನೊಬ್ಬ ಹುಡುಗಿ ಹೊಸದರಲ್ಲಿ ಇದ್ದಾಳೆ. ತಾಯಿ ತೀರಿಕೊಂಡ ಮೇಲೆ ನಂಬರು ತೆಗೆಸಿದ್ದಾರೆ. ಅವಳ ಅಜ್ಜನಿಗೆ ಫೋನ್ ಮಾಡಿದೆ. ಅಂದಿನಿಂದ ನಡೆದೇ ಮನೆಗೆ ಬರುತ್ತಿದ್ದಾಳಂತೆ. ಯಾಕೆ ಎಂದು ಅವರು ಕೇಳಿದರೆ, "ಬಸ್ಸು ಅಮ್ಮ ಇರೋರಿಗೆ, ತಾತ" ಅಂದಳಂತೆ.