ನಿದ್ದೆ ಇದ್ವಾಲ್

ಪ್ರೀತಿಯ ಇದ್ವಾಲ್ ಅಣ್ಣನಿಗೆ,

ನಿನ್ನನ್ನು ಮಣ್ಣು ಮಾಡಿ ಹನ್ನೆರಡು ದಿನವಾಯಿತು. ನನಗಿನ್ನೂ ಅಳು ಬಂದಿಲ್ಲ. ಚಹಾ ಮಾಡುತ್ತೇನೆ, ಕುಡಿಯುತ್ತೇನೆ, ಬಟ್ಟಲು ತೊಳೆದಿಡುತ್ತೇನೆ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡು ಹೋಗುತ್ತಿವೆ.

ಅಂತ್ಯಕ್ರಿಯೆಯಲ್ಲಿ ಪಾದ್ರಿ, "ನಮ್ಮ ನಿದ್ದೆ ಇದ್ವಾಲ್‌ಗೆ ಕೊನೆಗೂ ಬೇಕಾದಷ್ಟು ನಿದ್ದೆ ಸಿಕ್ತು" ಅಂದರು. ಚಾಪೆಲ್ ತುಂಬ ಜನ ನಕ್ಕರು. ನಾನೂ ನಕ್ಕೆ. ಅದನ್ನು ಹೇಳುವುದಕ್ಕೇ ಈ ಪತ್ರ.

ನಮ್ಮ ಕುಮ್ ಹೆಲಿಗ್ ಕಣಿವೆಯಲ್ಲಿ ಕಲ್ಲೆಸೆದರೆ ಒಬ್ಬ ರಾಬರ್ಟ್ಸ್ ತಲೆಗೆ ಬೀಳುತ್ತದೆ. ಹಾಗಾಗಿ ಎಲ್ಲರಿಗೂ ಒಂದೊಂದು ಅಡ್ಡಹೆಸರು: ಬ್ರೆಡ್ ರಾಬರ್ಟ್ಸ್, ಅಂಚೆ ರಾಬರ್ಟ್ಸ್, ಒಂಟಿಗಣ್ಣಿನ ರಾಬರ್ಟ್ಸ್. ನಿನಗೆ ಇಪ್ಪತ್ತೈದನೆಯ ವಯಸ್ಸಿಗೆ ಅಂಟಿದ್ದು ನಿದ್ದೆ. ಐವತ್ತೆರಡು ವರ್ಷ ಅದು ಬಿಡಲಿಲ್ಲ. "ಏನೋ ಇದ್ವಾಲ್, ಎದ್ದೆಯಾ? ಇನ್ನೂ ಮಧ್ಯಾಹ್ನ ಆಗಿಲ್ಲವಲ್ಲೋ!" ಎಂದು ಮೊಮ್ಮಕ್ಕಳ ವಯಸ್ಸಿನವರೂ ಕೂಗುತ್ತಿದ್ದರು. ನೀನು ಟೋಪಿ ಎತ್ತಿ ಮುಂದೆ ಹೋಗುತ್ತಿದ್ದೆ. ದಿನಾ ನಾಲ್ಕಕ್ಕೇ ಎದ್ದು, ಬೂಟು ಹಾಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದೆ ಎಂದು ಅವರಿಗೇನು ಗೊತ್ತು? ನೀನು ಕೆಲಸ ಮಾಡುತ್ತಿದ್ದ ಗಣಿ ಮುಚ್ಚಿದ ಮೇಲೂ ಎದ್ದು ಕೂರುತ್ತಿದ್ದೆ.

ಆ ಹೆಸರು ಅಂಟಿದ ದಿನ ನೀನು ನಿದ್ದೆ ಮಾಡಿರಲಿಲ್ಲ. ನನಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಹದಿನೇಳರ ನಾನು ಹೊಲಿಗೆ ಯಂತ್ರ ಮಾರುವವನೊಬ್ಬನ ಮಾತು ನಂಬಿ ಬೆಳಗಿನ ಮೊದಲ ರೈಲಿಗೆ ಓಡಿಹೋಗಿದ್ದೆ. ಅವನು ಬರಲಿಲ್ಲ, ನೀನು ಬಂದೆ. ಆರು ಮೈಲಿ ನಡೆದು ಬಂದವನು ಬೈಯಲಿಲ್ಲ, ಹೊಡೆಯಲಿಲ್ಲ. "ನಡಿ ಎನಿಡ್. ಅಪ್ಪನಿಗೆ ಗೊತ್ತಾಗೋದು ಬೇಡ" ಎಂದಷ್ಟೇ ಹೇಳಿ ನನ್ನ ಪೆಟ್ಟಿಗೆ ಹೆಗಲಿಗೇರಿಸಿದೆ. ಹಿತ್ತಿಲ ಬಾಗಿಲಿನಿಂದ ನನ್ನನ್ನು ಒಳಗೆ ಬಿಡುವಷ್ಟರಲ್ಲಿ ನಿನ್ನ ಪಾಳಿ ತಪ್ಪಿಹೋಗಿತ್ತು.

ಗಣಿಯ ಬಾಯಲ್ಲಿ ಮೇಸ್ತ್ರಿ "ಒಬ್ಬ ರಾಬರ್ಟ್ಸ್ ಕಡಿಮೆ" ಎಂದು ಕೂಗಿದನಂತೆ. ಆಗಷ್ಟೇ ಪಾಳಿ ಮುಗಿಸಿ ಮೇಲೆ ಬಂದಿದ್ದ ಟ್ರೆಫೋರ್, "ರಾಬರ್ಟ್ಸ್ ತಾನೇ ಬೇಕು? ನಾನೇ ಇದ್ದೀನಲ್ಲ" ಎಂದು ನಗುತ್ತಾ ಮತ್ತೆ ಇಳಿದನಂತೆ. ಹತ್ತು ಗಂಟೆಗೆ ಒಳಗಿನ ಚಾವಣಿ ಕುಸಿದು ಅವನು ಸತ್ತ. ಕಣಿವೆಯಲ್ಲೆಲ್ಲ ಅವನಂಥ ಹಾಡುಗಾರ ಇನ್ನೊಬ್ಬನಿರಲಿಲ್ಲ. "ನಾನು ನಿದ್ದೆ ಹೋಗಿಬಿಟ್ಟೆ" ಎಂದು ನೀನು ಎಲ್ಲರಿಗೂ ಹೇಳಿದೆ. ನಾನು ಬಾಯಿ ಮುಚ್ಚಿಕೊಂಡೆ. ಟ್ರೆಫೋರನ ತಂಗಿ ಬ್ಲಾಡ್ವೆನ್ ಅಂದಿನಿಂದ ನೀನು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು.

ನಾನು ಬರೆಯುತ್ತಿದ್ದ ಪುಸ್ತಕ ನಿನಗೆ ನೆನಪಿದೆಯಲ್ಲ, ನಮ್ಮ ಕಣಿವೆಯ ಹೆಸರಾಂತ ರಾಬರ್ಟ್ಸ್‌ಗಳ ಬದುಕು? ಇಬ್ಬರು ಪಾದ್ರಿಗಳು, ಮೂವರು ಕವಿಗಳು, ಒಬ್ಬ ಡಾಕ್ಟರು, ಹೀಗೆ ಹತ್ತು ಜನ. ಹನ್ನೊಂದನೆಯವನು ಟ್ರೆಫೋರ್. ಅವನ ಸಾವಿಗೆ ಒಂದೇ ಸಾಲು ಬರೆದು ಜಾರಿಕೊಂಡಿದ್ದೆ. ಹೋದ ವಾರ, ಪುಸ್ತಕ ಅಚ್ಚು ಹಾಕಿಸುತ್ತಿರುವ ಸಂಘದ ಕಾರ್ಯದರ್ಶಿ, ನನ್ನ ಹಳೆಯ ಶಿಷ್ಯ ಎಲ್ವಿನ್, ಕರಡು ಹಿಡಿದು ಬಂದ. "ಟೀಚರ್, ಯಾರ ಬದಲಿಗೆ ಇಳಿದ ಅಂತ ಬರೀಬೇಕು. 'ಇದ್ವಾಲ್ ನಿದ್ದೆ ಹೋಗಿದ್ದರಿಂದ' ಅಂತ ಸೇರಿಸಿ ಸಾಕು. ಅವರೂ ಈಗಿಲ್ಲ, ಬೇಜಾರು ಮಾಡ್ಕೊಳ್ಳಲ್ಲ."

ಬರೆಯಲು ಕೂತೆ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದ ಕೈ ಮೊದಲು ಆ ಸಾಲನ್ನೇ ಬರೆಯಿತು. ಆಮೇಲೆ ಹೊಡೆದುಹಾಕಿ ಹೀಗೆ ಬರೆದೆ: "ಆ ಬೆಳಿಗ್ಗೆ ಇದ್ವಾಲ್ ರಾಬರ್ಟ್ಸ್ ಮನೆ ಬಿಟ್ಟು ಓಡಿದ ತಂಗಿಯನ್ನು ಕರೆತರಲು ಹೋಗಿದ್ದ. ಆ ತಂಗಿ ಈ ಪುಸ್ತಕ ಬರೆದವಳು."

ಅಚ್ಚಿಗೆ ಕೊಡುವ ಮೊದಲು ಬ್ಲಾಡ್ವೆನ್‌ಗೆ ತೋರಿಸಬೇಕು ಅನ್ನಿಸಿತು. ಅವಳು ಕಾವಲಿಯ ಮೇಲೆ ಒಣದ್ರಾಕ್ಷಿ ಹಾಕಿದ ಹಿಟ್ಟಿನ ಸಿಹಿ ಬಿಲ್ಲೆಗಳನ್ನು ಸುಡುತ್ತಿದ್ದಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಅವನು ಇದ್ದಾಗ ಯಾಕೆ ಹೇಳಲಿಲ್ಲ ನೀನು?"

"ಅಪ್ಪನ ಭಯ."

"ನಿಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತಲ್ಲೇ."

ಬಿಲ್ಲೆಗಳು ಸೀದು ಹೊಗೆಯೆದ್ದರೂ ಅವಳು ತಿರುವಿ ಹಾಕಲಿಲ್ಲ.

"ಆ ವಾರದ ಭಾನುವಾರ ಇದ್ವಾಲ್ ನಮ್ಮಪ್ಪನ ಹತ್ರ ನಮ್ಮ ಮದುವೆ ಮಾತಾಡೋಕೆ ಬರ್ತೀನಿ ಅಂದಿದ್ದ," ಎಂದಳು. "ಮನೇಲಿ ಯಾರಿಗೂ ಹೇಳಿರಲಿಲ್ಲ ನಾವು. ನಾನು ಹೊಸ ಲಂಗ ಹೊಲಿಸಿಟ್ಟಿದ್ದೆ."

ಅವಳು ಅತ್ತಳು. ನಾನು ಎದ್ದು ಒಲೆ ಆರಿಸಿದೆ, ಸೀದ ಬಿಲ್ಲೆಗಳನ್ನು ತಟ್ಟೆಗೆ ತೆಗೆದಿಟ್ಟೆ. ನನಗೆ ಆಗಲೂ ಅಳು ಬರಲಿಲ್ಲ. ನಿನಗೆ ನಾನು ತಪ್ಪಿಸಿದ್ದು ಬರೀ ಒಳ್ಳೆಯ ಹೆಸರು ಎಂದುಕೊಂಡಿದ್ದೆ, ಅಣ್ಣಾ.

ಪುಸ್ತಕ ಇವತ್ತು ಅಚ್ಚಿಗೆ ಹೋಯಿತು. ನಿನ್ನ ಸಮಾಧಿಯ ಮೇಲೆ ಯಾರೋ ಸೀದ ಬಿಲ್ಲೆಯೊಂದನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದಾರೆ. ನಾನು ಅದನ್ನು ಮುಟ್ಟಲಿಲ್ಲ.

ನಾಲ್ಕಕ್ಕೆ ಏಳಬೇಡ ಇನ್ನು. ಹೊತ್ತೇರುವ ತನಕ ಹಾಯಾಗಿ ಮಲಗಿರು. ದೇವರು ನಿನ್ನನ್ನು ಎಬ್ಬಿಸದಿರಲಿ.

ನೀನು ಹೊತ್ತ ಪೆಟ್ಟಿಗೆಯ ಭಾರ,
ಎನಿಡ್